ಯಾವ ಕ್ಲೀನರ್ ಒಳ್ಳೆಯದು ಅಂತ ಕೇಳುವವರಿಗೆ

"ನಿಮ್ಮ ಮನೆಯಲ್ಲಿ ಯಾವ ಕ್ಲೀನರ್ ಬಳಸ್ತೀರಿ? ಒಂದು ಒಳ್ಳೇದು ಹೇಳಿ." ನನಗೆ ಜಾಸ್ತಿ ಬರುವ ಪ್ರಶ್ನೆ ಇದು. ಹೊಸದಾಗಿ ಮನೆ ಮಾಡಿದವರು ಕೇಳುತ್ತಾರೆ. ಅಂಬೆಗಾಲಿಡುವ ಮಗು ಇರುವವರು ಕೇಳುತ್ತಾರೆ. ಅಂಗಡಿಯಲ್ಲಿ ಬಾಟಲಿಗಳ ಸಾಲಿನ ಮುಂದೆ ನಿಂತುಕೊಂಡೇ ಫೋನ್ ಮಾಡುವವರೂ ಇದ್ದಾರೆ. ಎಲ್ಲರಿಗೂ ನಾನು ಮೊದಲು ಕೇಳುವುದು ಒಂದೇ: ಹೋಗಬೇಕಾದ ಕಲೆ ಯಾವುದು?

ಯಾಕೆಂದರೆ ಎಲ್ಲ ಕೊಳೆಯೂ ಒಂದೇ ಥರ ಅಲ್ಲ. ನಲ್ಲಿಯ ಮೇಲಿನ ಬಿಳಿ ಪದರ, ಒಲೆಯ ಸುತ್ತಲಿನ ಜಿಡ್ಡು, ಮಗುವಿನ ಅಂಗಿಯ ಮೇಲಿನ ಹಾಲಿನ ಕಲೆ, ಕಪ್ಪಿನ ತಳದಲ್ಲಿ ಕೂತ ಟೀ ಬಣ್ಣ, ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಎಲ್ಲದಕ್ಕೂ ಒಂದೇ ಬಾಟಲಿ ಸಾಕು ಅಂತ ಲೇಬಲ್ ಹೇಳಬಹುದು. ಗಟ್ಟಿಯಾಗಿ ಹಿಡಿದ ಕೊಳೆ ಆ ಮಾತು ಕೇಳುವುದಿಲ್ಲ.

1959ರಲ್ಲಿ ಹರ್ಬರ್ಟ್ ಸಿನ್ನರ್ ಎಂಬ ಜರ್ಮನ್ ರಸಾಯನ ತಜ್ಞರು ತೊಳೆಯುವ ಕೆಲಸವನ್ನು ನಾಲ್ಕು ಭಾಗ ಮಾಡಿ ತೋರಿಸಿದರು. ತೊಳೆಯುವ ವಸ್ತು, ಉಜ್ಜುವ ಬಲ, ಬಿಸಿ, ಸಮಯ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಹೆಚ್ಚಿಸಬೇಕು, ಅಷ್ಟೇ ಲೆಕ್ಕ. ಶುಚಿ ಮಾಡುವುದನ್ನೇ ಉದ್ಯೋಗ ಮಾಡಿಕೊಂಡವರು ಇವತ್ತಿಗೂ ಇದನ್ನು ಸಿನ್ನರ್ ಚಕ್ರ ಎಂದು ಕಲಿಯುತ್ತಾರೆ. ನನಗೆ ಇದು ತುಂಬಾ ಇಷ್ಟ. ನಾಲ್ಕರಲ್ಲಿ ಬಾಟಲಿಯೊಳಗೆ ಸಿಗುವುದು ಒಂದೇ. ಉಳಿದ ಮೂರು ನಮ್ಮ ಮನೆಯಲ್ಲೇ ಇವೆ. ಅದರಲ್ಲೂ ಸಮಯಕ್ಕೆ ಕಾಸು ಕೊಡಬೇಕಿಲ್ಲ. ಬಹಳ ಜನ ಸ್ಪ್ರೇ ಮಾಡಿದ ಕೂಡಲೇ ಒರೆಸಿಬಿಡುತ್ತಾರೆ. ಹತ್ತು ನಿಮಿಷ ಸುಮ್ನೆ ಬಿಟ್ಟು ನೋಡಿ. ತೋಳು ನೋಯುವಷ್ಟು ಉಜ್ಜುವುದು ತಪ್ಪುತ್ತದೆ.

ಈಗ ಕಲೆಗಳ ವಿಷಯಕ್ಕೆ ಬರೋಣ.

ನಲ್ಲಿ, ಶವರ್, ಕೆಟಲ್ ಇವುಗಳಲ್ಲಿ ಕಟ್ಟುವ ಬಿಳಿ ಪದರ ಗಡಸು ನೀರಿನದು. ಅದರಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಸೋಪಿಗೆ ಅದು ಜಗ್ಗುವುದಿಲ್ಲ, ಹುಳಿಗೆ, ಅಂದರೆ ಆಸಿಡ್‌ಗೆ ಮಾತ್ರ ಕರಗುತ್ತದೆ. ಹಾಗಾಗಿ ಇಲ್ಲಿ ಸಿಟ್ರಿಕ್ ಆಸಿಡ್ ಪುಡಿ ಅಥವಾ ಬಿಳಿ ವಿನೆಗರ್ ಬೇಕು. ನನ್ನ ಆಯ್ಕೆ ಸಿಟ್ರಿಕ್ ಆಸಿಡ್. ವಾಸನೆ ಇಲ್ಲ, ಇಡಲು ಜಾಗ ಜಾಸ್ತಿ ಬೇಡ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದೆರಡು ಚಮಚ ಪುಡಿ ಹಾಕಿ, ಕೆಟಲ್‌ನಲ್ಲಿ ಅರ್ಧ ಗಂಟೆ ಬಿಟ್ಟು, ಚೆನ್ನಾಗಿ ಎರಡು ಸಲ ತೊಳೆಯಿರಿ. ನಲ್ಲಿಗೆ ಅದೇ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕು. ಆದರೆ ಮಾರ್ಬಲ್ ಕಲ್ಲಿನ ಹತ್ತಿರ ಹುಳಿಯನ್ನು ತರಲೇಬೇಡಿ. ಮಾರ್ಬಲ್ ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ. ಕಲೆಯನ್ನು ಕರಗಿಸುವ ಹುಳಿ ಕಲ್ಲನ್ನೂ ಕರಗಿಸುತ್ತದೆ. ಹೊಳಪು ಹೋದ ಜಾಗ ಯಾವ ಕ್ಲೀನರ್‌ನಿಂದಲೂ ವಾಪಸ್ ಬರುವುದಿಲ್ಲ, ಪಾಲಿಶ್ ಮಾಡಿಸಲೇಬೇಕು.

ಜಿಡ್ಡಿನ ಕಥೆ ಇದಕ್ಕೆ ಉಲ್ಟಾ. ಅಲ್ಲಿ ಹುಳಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್, ಬಿಸಿ ನೀರು, ಸ್ವಲ್ಪ ಸಮಯ. ಅಡುಗೆಮನೆಯ ದಿನನಿತ್ಯದ ಜಿಡ್ಡಿಗೆ ಇಷ್ಟೇ ಸಾಕು. ಎಕ್ಸಾಸ್ಟ್ ಫ್ಯಾನ್ ಜಾಲರಿಯಂಥ ಹಳೆಯ ಅಂಟು ಜಿಡ್ಡಿಗೆ ಮಾತ್ರ ವಾಷಿಂಗ್ ಸೋಡಾ (ಬಟ್ಟೆ ಒಗೆಯುವ ಸೋಡಾ, ಅಡುಗೆ ಸೋಡಾ ಅಲ್ಲ) ಹಾಕಿದ ಬಿಸಿ ನೀರಿನಲ್ಲಿ ನೆನೆಸಿ. ಕೈಗೆ ಗ್ಲೌಸ್ ಇರಲಿ. ಅಲ್ಯೂಮಿನಿಯಂ ಪಾತ್ರೆ, ಅಲ್ಯೂಮಿನಿಯಂ ಜಾಲರಿಗೆ ಈ ಸೋಡಾ ಬೇಡ, ಕಪ್ಪಾಗುತ್ತದೆ.

ಮಕ್ಕಳಿರುವ ಮನೆಯಲ್ಲಿ ಜಾಸ್ತಿ ಕಾಟ ಕೊಡುವುದು ಮೂರನೆಯ ಗುಂಪು. ಹಾಲು, ಮೊಟ್ಟೆ, ರಕ್ತ, ಬೆವರು. ಇವೆಲ್ಲ ಪ್ರೋಟೀನ್ ಇರುವ ಕಲೆಗಳು. ಇವುಗಳ ಮೇಲೆ ಬಿಸಿ ನೀರು ಹಾಕಬಾರದು. ಬಿಸಿ ತಾಗಿದರೆ ಪ್ರೋಟೀನ್ ಗಟ್ಟಿಯಾಗಿ ಬಟ್ಟೆಯ ಎಳೆಗೇ ಕಚ್ಚಿಕೊಳ್ಳುತ್ತದೆ, ಬಾಣಲೆಯಲ್ಲಿ ಮೊಟ್ಟೆ ಬೆಂದು ಹಿಡಿದ ಹಾಗೆ. ಮೊದಲು ತಣ್ಣೀರಿನಲ್ಲಿ ಹಿಂಡಿ, ಆಮೇಲೆ ಎಂಜೈಮ್, ಅಂದರೆ ಪ್ರೋಟೀನನ್ನು ಚೂರು ಚೂರು ಮಾಡುವ ವಸ್ತು, ಇರುವ ಡಿಟರ್ಜೆಂಟ್‌ನಲ್ಲಿ ನೆನೆಸಿ. ಎಂಜೈಮ್ ಹೊಸ ಸಂಗತಿ ಏನಲ್ಲ. ಜರ್ಮನಿಯ ರಸಾಯನ ತಜ್ಞ ಒಟ್ಟೊ ರೋಮ್ ಎಂಜೈಮ್ ಬಳಸಿ ಬಟ್ಟೆ ಒಗೆಯುವ ವಿಧಾನಕ್ಕೆ 1913ರಲ್ಲೇ ಪೇಟೆಂಟ್ ಪಡೆದಿದ್ದರು. ಎಂಜೈಮ್ ನಿಧಾನವಾಗಿ ಕೆಲಸ ಮಾಡುತ್ತದೆ, ಹಾಗಾಗಿ ಅರ್ಧ ಗಂಟೆಯಾದರೂ ನೆನೆಯಲಿ. ಒಂದು ಎಚ್ಚರಿಕೆ: ಉಣ್ಣೆ ಮತ್ತು ರೇಷ್ಮೆ ಕೂಡ ಪ್ರೋಟೀನ್ ಎಳೆಗಳೇ. ಎಂಜೈಮ್‌ಗೆ ಕಲೆ ಯಾವುದು, ಬಟ್ಟೆ ಯಾವುದು ಅನ್ನುವುದು ಗೊತ್ತಾಗುವುದಿಲ್ಲ. ಅವಕ್ಕೆ ಅಂತಲೇ ಇರುವ ಲಿಕ್ವಿಡ್ ಬಳಸಿ.

ಟೀ, ಕಾಫಿ, ಹಣ್ಣಿನ ರಸ ಇವು ಬಣ್ಣದ ಕಲೆಗಳು. ಇವಕ್ಕೆ ಆಕ್ಸಿಜನ್ ಬ್ಲೀಚ್ ಪುಡಿ ನನಗೆ ಬಹಳ ಮೆಚ್ಚುಗೆ. ಪ್ಯಾಕೆಟ್ ಹಿಂದೆ ಸೋಡಿಯಂ ಪರ್ಕಾರ್ಬೊನೇಟ್ ಎಂದು ಬರೆದಿರುತ್ತದೆ. ನೀರಿಗೆ ಬಿದ್ದ ಕೂಡಲೇ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಬಿಡಿಬಿಡಿಯಾಗುತ್ತದೆ. ನೀರು 40 ಡಿಗ್ರಿಗಿಂತ ಬಿಸಿ ಇದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಲೆ ಹಿಡಿದ ಕಪ್, ಫ್ಲಾಸ್ಕ್, ಬಿಳಿ ಬಟ್ಟೆ ಎಲ್ಲಕ್ಕೂ ಒಳ್ಳೆಯದು. ನೆನೆಸಿದಾಗ ಫ್ಲಾಸ್ಕಿನ ಮುಚ್ಚಳ ಮಾತ್ರ ಹಾಕಬೇಡಿ. ಒಳಗೆ ಗ್ಯಾಸ್ ಬಿಡುಗಡೆಯಾಗುತ್ತಾ ಒತ್ತಡ ಏರುತ್ತದೆ.

ಅಡುಗೆ ಸೋಡಾ ಮತ್ತು ವಿನೆಗರ್ ಸೇರಿಸಿದರೆ ಅದ್ಭುತ ಕ್ಲೀನರ್ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನೊರೆ ನೋಡಲು ಚೆನ್ನಾಗಿರುತ್ತದೆ. ಆದರೆ ಒಂದು ಕ್ಷಾರ, ಇನ್ನೊಂದು ಹುಳಿ. ಸೇರಿದ ತಕ್ಷಣ ಒಂದರ ಶಕ್ತಿಯನ್ನು ಇನ್ನೊಂದು ಹಾಳು ಮಾಡುತ್ತದೆ. ಕೊನೆಗೆ ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು. ಸೋಡಾವನ್ನು ಪೇಸ್ಟ್ ಮಾಡಿ ಸಿಂಕ್ ಉಜ್ಜಲು ಬಳಸಿ, ವಿನೆಗರನ್ನು ನಲ್ಲಿಗೆ ಬಳಸಿ. ಬೇರೆ ಬೇರೆಯಾಗಿ ಎರಡೂ ಕೆಲಸಕ್ಕೆ ಬರುತ್ತವೆ.

ಈ ಮಿಶ್ರಣದಿಂದ ಅಪಾಯ ಇಲ್ಲ, ಬರೀ ವ್ಯರ್ಥ ಅಷ್ಟೇ. ಆದರೆ ಬ್ಲೀಚ್ ವಿಷಯದಲ್ಲಿ ಹಾಗಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನ ಇಲ್ಲ. ಕ್ಲೋರಿನ್ ಬ್ಲೀಚ್ ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಅದಕ್ಕೆ ಯಾವುದೇ ಹುಳಿ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. 1915ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಸೈನಿಕರ ಮೇಲೆ ಆಯುಧವಾಗಿ ಬಿಟ್ಟದ್ದು ಇದೇ ಗ್ಯಾಸ್. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹಲವಕ್ಕೆ ಹುಳಿಯೇ ಆಧಾರ. ಎರಡೂ ಬಲವಾದವು, ಸೇರಿಸಿದರೆ ಇನ್ನೂ ಬಲ ಬರುತ್ತದೆ ಅಂದುಕೊಂಡು, ಬಾಗಿಲು ಹಾಕಿದ ಚಿಕ್ಕ ಬಾತ್‌ರೂಮಿನಲ್ಲಿ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಅಮೋನಿಯಾ ಇರುವ ಗಾಜು ಒರೆಸುವ ಲಿಕ್ವಿಡ್ ಜೊತೆಗೂ ಬ್ಲೀಚ್ ಸೇರಬಾರದು, ಕ್ಲೋರಮೈನ್ ಎಂಬ ವಿಷದ ಗ್ಯಾಸ್ ಹುಟ್ಟುತ್ತದೆ. ಗೊತ್ತಿಲ್ಲದೆ ಸೇರಿ, ಕಣ್ಣು ಉರಿದು ಕೆಮ್ಮು ಬಂದರೆ, ಅಲ್ಲೇ ನಿಂತು ತೊಳೆಯಲು ಹೋಗಬೇಡಿ. ಮೊದಲು ಹೊರಗೆ ಬನ್ನಿ, ಎಲ್ಲರನ್ನೂ ಹೊರಗೆ ಕರೆತನ್ನಿ, ಉಸಿರಾಟಕ್ಕೆ ತೊಂದರೆ ಅನಿಸಿದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ.

ಕ್ಲೋರಿನ್ ಬ್ಲೀಚ್ ಬಳಸುವುದೇ ಆದರೆ, ಅದು ಕೊಳೆ ತೆಗೆಯುವ ವಸ್ತು ಅಲ್ಲ, ಕ್ರಿಮಿ ಕೊಲ್ಲುವ ವಸ್ತು ಅನ್ನುವುದು ನೆನಪಿರಲಿ. ಕೊಳೆಯ ಮೇಲೆ ಸುರಿದರೆ ಅದರ ಶಕ್ತಿ ಕೊಳೆಯಲ್ಲೇ ಕಳೆದುಹೋಗುತ್ತದೆ. ಮೊದಲು ಸೋಪು ಹಾಕಿ ತೊಳೆದು, ನೀರು ಹಾಕಿ, ಆಮೇಲೆ ಬ್ಲೀಚ್. ಲೇಬಲ್ ಹೇಳಿದಷ್ಟು ಹೊತ್ತು ಒದ್ದೆಯಾಗಿಯೇ ಇರಬೇಕು. ನೀರು ಬೆರೆಸಿದ್ದನ್ನು ನಾಳೆಗೆ ಇಡಬೇಡಿ, ಶಕ್ತಿ ಇಳಿಯುತ್ತದೆ. ದಿನಾ ಮಾಮೂಲಿಯಾಗಿ ನೆಲ ಒರೆಸಲು ಇದರ ಅಗತ್ಯವೇ ಇಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆದಾಗ ಬೇಕಾಗಬಹುದು.

ವಾಷಿಂಗ್ ಮೆಷಿನ್ ವಾಸನೆ ಬರುತ್ತದೆ, ಯಾವ ಲಿಕ್ವಿಡ್ ಹಾಕಲಿ ಅಂತಲೂ ಕೇಳುತ್ತಾರೆ. ಮೊದಲು ಡಿಟರ್ಜೆಂಟ್ ಕಡಿಮೆ ಮಾಡಿ ನೋಡಿ. ಜಾಸ್ತಿ ಹಾಕಿದರೆ ಬಟ್ಟೆ ಜಾಸ್ತಿ ಸ್ವಚ್ಛ ಆಗುವುದಿಲ್ಲ. ತೊಳೆದು ಹೋಗದೆ ಉಳಿದ ಅಂಟಿನಲ್ಲೇ ವಾಸನೆ ಹುಟ್ಟುತ್ತದೆ. ಒಗೆದ ಮೇಲೆ ಬಾಗಿಲು ತೆರೆದಿಡಿ, ರಬ್ಬರ್ ಸಂದನ್ನು ಒರೆಸಿ, ಆಗಾಗ 60 ಡಿಗ್ರಿ ಬಿಸಿಯಲ್ಲಿ ಖಾಲಿ ಓಡಿಸಿ. ಟವೆಲ್‌ಗೆ ಸಾಫ್ಟನರ್ ಬೇಡ. ಅದು ಎಳೆಗಳ ಮೇಲೆ ಕೊಬ್ಬಿನ ತೆಳು ಪದರ ಬಿಡುತ್ತದೆ, ಟವೆಲ್ ಮೆತ್ತಗಾದರೂ ನೀರು ಹೀರುವುದು ಕಡಿಮೆಯಾಗುತ್ತದೆ. ಮೈಕ್ರೋಫೈಬರ್ ಬಟ್ಟೆಗೂ ಇದೇ ಮಾತು.

ಹಾಗಾದರೆ ಏನು ಕೊಳ್ಳಬೇಕು? ಪಾತ್ರೆ ತೊಳೆಯುವ ಲಿಕ್ವಿಡ್, ಸಿಟ್ರಿಕ್ ಆಸಿಡ್, ಅಡುಗೆ ಸೋಡಾ, ಆಕ್ಸಿಜನ್ ಬ್ಲೀಚ್, ಎಂಜೈಮ್ ಇರುವ ಡಿಟರ್ಜೆಂಟ್, ಕೆಲವು ಮೈಕ್ರೋಫೈಬರ್ ಬಟ್ಟೆ. ಹೆಚ್ಚಿನ ಮನೆಗಳಿಗೆ ಇಷ್ಟು ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬ್ರ್ಯಾಂಡ್ ಹೆಸರು ನಾನು ಹೇಳುವುದಿಲ್ಲ. ಪ್ಯಾಕೆಟ್ ತಿರುಗಿಸಿ ಹಿಂದೆ ಏನು ಬರೆದಿದೆ ಅಂತ ಓದಿ, ಒಳಗಿರುವುದು ಒಂದೇ ಆದರೆ ಕಡಿಮೆ ಬೆಲೆಯದನ್ನೇ ತನ್ನಿ. ಮೊದಲ ಸಲ ಸಣ್ಣ ಪ್ಯಾಕ್ ಸಾಕು. ಯಾವುದನ್ನೇ ಆಗಲಿ ಕಾಣದ ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಿ, ಆಮೇಲೆ ಮುಂದುವರಿಯಿರಿ.

ತಂದ ಮೇಲೆ ಇಡುವುದು ಎತ್ತರದಲ್ಲಿ, ಬೀಗ ಹಾಕುವ ಕಪಾಟಿನಲ್ಲಿ. ಸಿಟ್ರಿಕ್ ಆಸಿಡ್ ನೋಡಲು ಸಕ್ಕರೆ ಥರವೇ ಇರುತ್ತದೆ, ಆದ್ದರಿಂದ ಡಬ್ಬಿಯ ಮೇಲೆ ದೊಡ್ಡದಾಗಿ ಹೆಸರು ಬರೆಯಿರಿ. ಕುಡಿಯುವ ನೀರಿನ, ಜ್ಯೂಸಿನ ಖಾಲಿ ಬಾಟಲಿಗೆ ಯಾವ ಕ್ಲೀನರನ್ನೂ ತುಂಬಬೇಡಿ. ಬಂದ ಬಾಟಲಿಯಲ್ಲೇ ಇರಲಿ. ಮಗು ಏನಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ. ಸುಡುವ ವಸ್ತು ಮೇಲೆ ಬರುವಾಗ ಗಂಟಲನ್ನು ಇನ್ನೊಮ್ಮೆ ಸುಡುತ್ತದೆ. ಮಗುವಿನ ಜೊತೆಗೆ ಆ ಬಾಟಲಿಯನ್ನೂ ಎತ್ತಿಕೊಂಡು ನೇರ ಆಸ್ಪತ್ರೆಗೆ ಹೋಗಿ. ಒಳಗೆ ಏನಿತ್ತು ಅನ್ನುವುದು ವೈದ್ಯರಿಗೆ ಲೇಬಲ್ ನೋಡಿದರೆ ಗೊತ್ತಾಗುತ್ತದೆ.