ಕೊಟ್ಟ ಮಾತು, ಕೊಳಕು ತೊರೆ

ಐರ್ಲೆಂಡಿನ ಕಿನೇಡ್ ಅನ್ನೋ ಪುಟ್ಟ ನಾಡಿನ ರಾಜನ ಕಥೆ ತಲೆಯಿಂದ ಹೋಗ್ತಾನೇ ಇಲ್ಲ. ಅವನ ಮನೆತನದ ನೆಲೆ ನೌತ್. ಐದು ಸಾವಿರ ವರ್ಷ ಹಳೆಯ ಸಮಾಧಿ ದಿಬ್ಬ ಅದು!

850ರಲ್ಲಿ ದೊಡ್ಡ ರಾಜ ಮೇಲ್ ಸೆಖ್ನಲ್ ವಿರುದ್ಧ ತಿರುಗಿಬಿದ್ದ. ಜೊತೆಗೆ ಸಮುದ್ರ ದಾಟಿ ಬಂದ ದಾಳಿಕೋರ ವೈಕಿಂಗರನ್ನೂ ಸೇರಿಸಿಕೊಂಡ. ಪಕ್ಕದ ರಾಜ ತಿಗರ್ನಾಖ್‌ನದು ಲಗೋರ್ ಕೆರೆಯ ನಡುವೆ ಕಟ್ಟಿದ ದ್ವೀಪ. ಅದನ್ನು ಕಿನೇಡ್ ನೆಲಸಮ ಮಾಡಿದ. ಟ್ರೆವೆಟ್‌ನಲ್ಲಿ ಪ್ರಾರ್ಥನಾ ಮಂದಿರವನ್ನು ಒಳಗಿದ್ದ ಜನರ ಸಮೇತ ಸುಟ್ಟ. ಇದೆಲ್ಲ ನಮಗೆ ಗೊತ್ತಾಗೋದು ಸನ್ಯಾಸಿಗಳು ಬರೆದಿಟ್ಟ ವಾರ್ಷಿಕ ದಾಖಲೆಗಳಿಂದ. ಚರ್ಚ್ ಸುಟ್ಟವನ ಬಗ್ಗೆ ಅವರು ಒಳ್ಳೆ ಮಾತು ಬರೀತಾರಾ? ಅವನ ಪರವಾದ ಮಾತು ಕೇಳೋರೇ ಇಲ್ಲ ಅಲ್ವಾ.

ಮರುವರ್ಷ ಅವನನ್ನು ಕೊಳಕು ತೊರೆಯಲ್ಲಿ ಮುಳುಗಿಸಿ ಕೊಂದರು. ಅವನ ಜೀವಕ್ಕೆ ಐರ್ಲೆಂಡಿನ ಗಣ್ಯರು, ದೊಡ್ಡ ಪಾದ್ರಿ ಎಲ್ಲರೂ ಜಾಮೀನು ನಿಂತಿದ್ದರು. ಉಪಯೋಗವಾಗಲಿಲ್ಲ. ಮುಳುಗಿಸಿದವರಲ್ಲಿ ತಿಗರ್ನಾಖ್ ಕೂಡ ಇದ್ದ.