ನಡುಮನೆಯಲ್ಲಿ ಅಜ್ಜಿ

ಇವತ್ತು ಚಾಮರಾಜಪೇಟೆಯ ಹಳೆಯ ಮನೆಯೊಂದರ ಗೋಡೆಗಳು ಭಾರ ಹೇಗೆ ಹೊರುತ್ತಿವೆ ಎಂದು ಲೆಕ್ಕ ಹಾಕಲು ಲೇಸರ್ ಸ್ಕ್ಯಾನರ್ ಇಟ್ಟಿದ್ದೆವು. ಸುತ್ತಲೂ ಲೇಸರ್ ಬೆಳಕು ಹಾಯಿಸಿ, ಅದು ತಗುಲಿದ ಜಾಗಗಳನ್ನು ಚುಕ್ಕಿಗಳಾಗಿ ದಾಖಲಿಸುವ ಯಂತ್ರ ಅದು. ಅದು ಸುತ್ತುತ್ತಿರುವಾಗ ಯಾರೂ ಅಡ್ಡ ಬರಬೇಡಿ ಎಂದು ನಾಲ್ಕು ಸಲ ಹೇಳಿದ್ದೆ. ಮನೆಯ ಅಜ್ಜಿ ಕಾಫಿ ಲೋಟ ಹಿಡಿದು ಬಂದೇ ಬಂದರು. "ಆರಿಹೋಗುತ್ತದಪ್ಪ, ಮೊದಲು ಕುಡಿ."

ಸಂಜೆ ಕಂಪ್ಯೂಟರಿನಲ್ಲಿ ತೆರೆದರೆ ನಡುಮನೆಯಲ್ಲಿ ಅಜ್ಜಿ! ಮುಖವಿಲ್ಲ. ಸೀರೆಯ ನೆರಿಗೆಯಂಥ ಚುಕ್ಕಿಗಳ ಒಂದು ಎಳೆ, ಲೋಟವಿದ್ದಲ್ಲಿ ಇನ್ನೊಂದಿಷ್ಟು ಚುಕ್ಕಿ.

ಗೋಡೆಯ ಕಥೆ ಬೇರೆ. ಕಣ್ಣಿಗೆ ನೆಟ್ಟಗಿದ್ದ ಬೀದಿ ಕಡೆಯ ಗೋಡೆ ಮೇಲ್ತುದಿಯಲ್ಲಿ 4 ಸೆಂಟಿಮೀಟರ್ ಹೊರಗೆ ವಾಲಿದೆ. ನೇರ ಗೆರೆ ಎಳೆದು ಲೆಕ್ಕ ಹಾಕಿದ್ದರೆ ಮದರಾಸು ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಚಾವಣಿ) ಭಾರ ಸೀದಾ ಅಡಿಪಾಯಕ್ಕೆ ಇಳಿಯುತ್ತಿತ್ತು, ಕಾಗದದ ಮೇಲೆ. ವಾಲಿದ ಆಕಾರವನ್ನೇ ಲೆಕ್ಕಕ್ಕೆ ಕೊಟ್ಟರೆ ಭಾರ ಗೋಡೆಯ ನಡುವಿನಿಂದ ಸರಿಯುತ್ತದೆ. ಒಂದು ಮಗ್ಗುಲು ಹೆಚ್ಚು ಅದುಮಿಕೊಳ್ಳುತ್ತದೆ, ಇನ್ನೊಂದು ಬಿರುಕು ಬಿಡಲು ನೋಡುತ್ತದೆ. ಸುಣ್ಣದ ಗಾರೆ ಒತ್ತಡವನ್ನು ತಾಳುತ್ತದೆ, ಎಳೆತವೆಂದರೆ ಅದಕ್ಕಾಗದು.

ಆದರೆ ಲೇಸರಿಗೆ ಕಾಣುವುದು ಮೈ ಮಾತ್ರ. ಒಳಗೆ ಇಟ್ಟಿಗೆಯೋ, ಮಣ್ಣೋ, ಟೊಳ್ಳೋ? ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದೆ. ಒಂದು ಕಡೆ ಸದ್ದು ಬದಲಾಯಿತು. "ಅಲ್ಲಿ ಬಾಗಿಲಿತ್ತು, ನನ್ನ ಮದುವೆಯಾದ ವರ್ಷ ಮುಚ್ಚಿಸಿದರು" ಎಂದರು ಅಜ್ಜಿ, ಯಾರೂ ಕೇಳದಿದ್ದರೂ. ಕೋಟಿಗಟ್ಟಲೆ ಚುಕ್ಕಿಗಳಲ್ಲಿ ಆ ಬಾಗಿಲು ಎಲ್ಲೂ ಇರಲಿಲ್ಲ.

ಲೆಕ್ಕಕ್ಕೆ ಕೂರುವ ಮುನ್ನ ಬೇಡದ ಚುಕ್ಕಿಗಳನ್ನು ಅಳಿಸಬೇಕು. ಕ್ಯಾಲೆಂಡರ್, ಒಣಹಾಕಿದ ಬಟ್ಟೆ, ನನ್ನದೇ ಚೀಲ, ಎಲ್ಲ ಅಳಿಸಿದೆ. ಅಜ್ಜಿಯನ್ನು ಮಾತ್ರ ಬೇರೆ ಕಡತದಲ್ಲಿ ಇಟ್ಟುಕೊಂಡಿದ್ದೇನೆ.