ಆಪರೇಷನ್ನಿಗೆ ಮುಂಚಿನ ದಿನ

ಮಗು ಹುಟ್ಟಿ ಆರು ದಿನ, ತೂಕ 2.9 ಕಿಲೋ. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿವೆ. ಮೈಯಿಂದ ಬಂದ ನೀಲಿ ರಕ್ತ ಮೈಗೇ ಮರಳುತ್ತದೆ, ಶ್ವಾಸಕೋಶದ ಕೆಂಪು ರಕ್ತ ಶ್ವಾಸಕೋಶಕ್ಕೇ. ಎರಡೂ ಎಲ್ಲಾದರೂ ಬೆರೆತರೆ ಮಾತ್ರ ಮಗು ಉಳಿಯುತ್ತದೆ. ಮೊದಲ ದಿನವೇ ಹೊಕ್ಕುಳಿನ ನಾಳದಿಂದ ಬಲೂನು ತೂರಿಸಿ ಮೇಲಿನ ಕೋಣೆಗಳ ನಡುವಿನ ರಂಧ್ರ ಹಿಗ್ಗಿಸಿದ್ದಾರೆ. 1966ರಲ್ಲಿ ಅಮೆರಿಕದ ವೈದ್ಯ ರಾಶ್ಕಿಂಡ್ ತೋರಿಸಿಕೊಟ್ಟ ದಾರಿ. ಆದರೂ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಸಾಲದ್ದರಿಂದ, ಆ ಎರಡು ದೊಡ್ಡ ನಾಳಗಳನ್ನು ಬೆಸೆಯುವ, ಹುಟ್ಟಿದ ಮೇಲೆ ತಾನಾಗಿ ಮುಚ್ಚಿಹೋಗುವ ಡಕ್ಟಸ್ ನಾಳವನ್ನು ಪ್ರೊಸ್ಟಗ್ಲಾಂಡಿನ್ ಎಂಬ ಔಷಧಿ ಕೊಟ್ಟು ತೆರೆದಿಟ್ಟಿದ್ದಾರೆ.

ಬೆಳಿಗ್ಗೆ ಪಾಳಿ ಬದಲಾಗುವಾಗ ಮೊದಲು ಕಣ್ಣು ಹೋಗುವುದು ಸಿರಿಂಜ್ ಪಂಪಿನ ಕಡೆಗೆ. ಈ ಔಷಧಿ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ, ಹಾಗಾಗಿ ಲೈನು ನಿಲ್ಲುವಂತಿಲ್ಲ. ಸೂಜಿ ಚುಚ್ಚಿದ ಕೈ ಊದಿಕೊಂಡರೆ ಇರಲಿ ಎಂದು ಇನ್ನೊಂದು ಲೈನು ಸಿದ್ಧವಿರಬೇಕು. ಗಂಟೆಗೆ ಅರ್ಧ ಎಂ.ಎಲ್. ಓಡುವ ಪಂಪು ಮೋಸ ಮಾಡುವುದೂ ಉಂಟು. ಟ್ಯೂಬು ಮಡಚಿಕೊಂಡರೆ ಒತ್ತಡ ಏರಿ ಅಲಾರಂ ಕೂಗಲು ಬಹಳ ಹೊತ್ತು ಹಿಡಿಯುತ್ತದೆ. ಹೊಸ ಸಿರಿಂಜ್ ಕೂರಿಸಿದಾಗ ಪಂಪಿನ ತಳ್ಳುಪಟ್ಟಿಗೂ ಪಿಸ್ಟನ್ನಿಗೂ ನಡುವೆ ಕೂದಲೆಳೆ ಸಂದು ಉಳಿದರೂ ಅಷ್ಟು ಹೊತ್ತು ಔಷಧಿ ಹೋಗುವುದೇ ಇಲ್ಲ, ಪರದೆಯ ಮೇಲೆ ಮಾತ್ರ ಎಲ್ಲ ಸರಿ. ಅದಕ್ಕೇ ಹಳೆಯದು ಮುಗಿಯುವ ಮೊದಲೇ ಹೊಸದನ್ನು ಇನ್ನೊಂದು ಪಂಪಿನಲ್ಲಿ ಓಡಿಸಿ, ತುದಿಯಲ್ಲಿ ಹನಿ ಕಂಡ ಮೇಲೆ ಜೋಡಿಸುತ್ತಾರೆ.

ಮಾನಿಟರಿನಲ್ಲಿ ಸ್ಯಾಚುರೇಷನ್ 80. ನೋಡಲು ಬಂದವರು ಗಾಬರಿಯಾಗಿ “ಸಿಸ್ಟರ್, ಆಕ್ಸಿಜನ್ ಜಾಸ್ತಿ ಮಾಡಿ” ಅನ್ನುತ್ತಾರೆ. ಈ ಮಗುವಿಗೆ 75ರಿಂದ 85 ಸಾಕು. ಆಕ್ಸಿಜನ್ ಏರಿಸಿದರೆ ಡಕ್ಟಸ್ ಕುಗ್ಗಬಹುದು.

ಹತ್ತರ ಹೊತ್ತಿಗೆ ಉಸಿರು ಇಪ್ಪತ್ತು ಸೆಕೆಂಡು ನಿಂತಿತು. ಇದೂ ಔಷಧಿಯ ಗುಣವೇ. ಅಂಗಾಲು ಉಜ್ಜಿದರೆ ಸಾಮಾನ್ಯವಾಗಿ ಮರಳುತ್ತದೆ. ಮರಳದಿದ್ದರೆ ಬ್ಯಾಗು, ಮಾಸ್ಕು ತಲೆದೆಸೆಯಲ್ಲೇ ಇವೆ. ಮಧ್ಯಾಹ್ನ ಮೈ ಬಿಸಿಯಾಯಿತು. ನಿಜವಾದ ಪೇಚು ಇದು: ಪ್ರೊಸ್ಟಗ್ಲಾಂಡಿನ್ ತಾನೇ ಜ್ವರ ತರುತ್ತದೆ, ಸೋಂಕು ಕೂಡ ಹೀಗೇ ಶುರುವಾಗುತ್ತದೆ. ರೋಗಾಣು ಬೆಳೆಯುತ್ತದೆಯೇ ಎಂದು ನೋಡಲು ಕಲ್ಚರಿಗೆ ರಕ್ತ ಕಳಿಸಿದರು. ಸೋಂಕಾದರೆ ನಾಳೆಯ ಆಪರೇಷನ್ ಮುಂದಕ್ಕೆ. ತೀರಾ ಮುಂದೂಡುವಂತೆಯೂ ಇಲ್ಲ: ಆಪರೇಷನ್ ಆದ ಮೇಲೆ ಇಡೀ ಮೈಗೆ ರಕ್ತ ತಳ್ಳಬೇಕಾದ ಎಡ ಕೆಳಕೋಣೆ ಈಗ ಶ್ವಾಸಕೋಶಕ್ಕಷ್ಟೇ ತಳ್ಳುತ್ತಿದೆ, ಕೆಲಸ ಹಗುರಾದಂತೆ ಕೆಲವೇ ವಾರಗಳಲ್ಲಿ ಅದರ ಸ್ನಾಯು ಸೊರಗುತ್ತದೆ.

ತಾಯಿ ಮೂರು ಗಂಟೆಗೊಮ್ಮೆ ಹಾಲು ಹಿಂಡುತ್ತಾಳೆ, ರಾತ್ರಿಯೂ ಬಿಡುವಿಲ್ಲ. ಮಗು ಕುಡಿಯುವುದು ಟ್ಯೂಬಿನಲ್ಲಿ, ಸ್ವಲ್ಪವೇ. ಕರುಳಿಗೆ ಹೋಗುವ ರಕ್ತ ಕಡಿಮೆಯಿರಬಹುದು, ಹೊಟ್ಟೆ ಉಬ್ಬಿದರೆ ಹಾಲು ನಿಲ್ಲಿಸಬೇಕು. ಒದ್ದೆ ಡಯಾಪರನ್ನು ತೂಗಿ ಒಣಗಿದ್ದರ ತೂಕ ಕಳೆದರೆ ಉಳಿದ ಒಂದೊಂದು ಗ್ರಾಂ ಒಂದೊಂದು ಎಂ.ಎಲ್. ಮೂತ್ರ.

ಸಂಜೆಯ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಹೃದಯದ ಸ್ನಾಯುವಿಗೇ ರಕ್ತ ಕೊಡುವ ಕೊರೊನರಿ ನಾಳಗಳು ಎಲ್ಲಿಂದ ಹೊರಟಿವೆ ಎಂದು ಮತ್ತೊಮ್ಮೆ ನೋಡುತ್ತಾರೆ. ಅದಲುಬದಲಾದ ದೊಡ್ಡ ನಾಳಗಳನ್ನು ಸರಿಯಾಗಿ ಜೋಡಿಸುವಾಗ ಆ ಕಡ್ಡಿಯಂಥ ನಾಳಗಳನ್ನೂ ಕಿತ್ತು ಹೊಸ ಜಾಗಕ್ಕೆ ಹೊಲಿಯುವುದೇ ಈ ಆಪರೇಷನ್ನಿನ ಅತಿ ಸೂಕ್ಷ್ಮ ಭಾಗ.

ಜ್ವರ ಇಳಿಯಿತು. ಆಪರೇಷನ್ನಿಗೆ ನಾಲ್ಕು ಗಂಟೆ ಮೊದಲು ಕೊನೆಯ ಎದೆಹಾಲು, ಆಮೇಲೆ ಗ್ಲೂಕೋಸ್ ಡ್ರಿಪ್. ಥಿಯೇಟರಿಗೆ ಪಂಪೂ ಬ್ಯಾಟರಿ ಮೇಲೆ ಓಡುತ್ತಲೇ ಹೋಗುತ್ತದೆ, ಜೊತೆಗೆ ತುಂಬಿಟ್ಟ ಇನ್ನೊಂದು ಸಿರಿಂಜ್. ಔಷಧಿ ನಿಲ್ಲಿಸುವುದು ಮಗುವಿನ ರಕ್ತ ಹೃದಯ-ಶ್ವಾಸಕೋಶ ಯಂತ್ರದಲ್ಲಿ ಹರಿಯತೊಡಗಿದ ಮೇಲೆಯೇ.